ಕನ್ನಡಿಯಂಚಿನ ಚೀಟಿ

ಆ ಕ್ಷೌರದಂಗಡಿಯಲ್ಲಿ ಕನ್ನಡಿಗಳು ಎರಡು. ಒಂದು ಕುರ್ಚಿಯ ಮುಂದೆ, ಇನ್ನೊಂದು ಹಿಂದೆ. ನಡುವೆ ನಿಂತವನು ಒಬ್ಬನಾಗಿ ಉಳಿಯುವಂತಿಲ್ಲ. ಮುಂದೆ ನೋಡಿದರೂ ಅವನೇ, ಹಿಂದೆ ನೋಡಿದರೂ ಅವನೇ, ಒಳಗೊಳಗೆ ಸಾಲುಗಟ್ಟಿ ನಿಂತವರೂ ಅವನೇ. ಇಪ್ಪತ್ತಾರು ವರ್ಷ ಇದೊಂದು ತಮಾಷೆಯಾಗಿತ್ತು. ಹೆಂಡತಿ ತೀರಿಕೊಂಡ ಈ ಎಂಟು ತಿಂಗಳಿಂದ ಮಾತ್ರ, ಯಾರೋ ತನ್ನನ್ನು ಎರಡು ಗಾಜಿನ ನಡುವೆ ಇಟ್ಟು ಒತ್ತುತ್ತಿದ್ದಾರೆ ಅನ್ನಿಸುತ್ತಿತ್ತು.

ಬೀದಿಯವರು ಅವನನ್ನು ಕರೆಯುತ್ತಿದ್ದುದು ಕವಿ ಎಂದೇ. ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು ಎನ್ನುವಂಥ ಆಸಾಮಿ. ಪದ್ಯ ಕಟ್ಟುವುದನ್ನು ಅವನಿಗೆ ಕಲಿಸಿದ್ದು ಗಿರಾಕಿಗಳ ಬಾಯಿ. ಯಾರೇ ಆಗಲಿ, ಮೂರನೇ ಸಲ ಬಂದು ಕುರ್ಚಿಯಲ್ಲಿ ಕೂತರೆ ಅವರ ಮೇಲೊಂದು ನಾಲ್ಕು ಸಾಲು ಬರೆದು ಮುಂದಿನ ಕನ್ನಡಿಯ ಅಂಚಿಗೆ ಅಂಟಿಸಿಬಿಡುತ್ತಿದ್ದ. ಕಾಯಿಲೆಯಲ್ಲಿ ಕೂದಲೆಲ್ಲ ಉದುರಿ, ವಾಸಿಯಾದ ಮೇಲೆ ಗುಂಗುರು ಗುಂಗುರಾಗಿ ಬಂದದ್ದಕ್ಕೆ ನಾಚಿಕೊಂಡ ನರ್ಸಮ್ಮ ಆ ಚೀಟಿಗಳಲ್ಲಿದ್ದಳು. ಹೆಣ್ಣಾಗಿ ಹುಟ್ಟಿ, ಗಂಡಸಾಗಿ ಬದುಕಲು ಹೊರಟು, ಮೊದಲ ಗಡ್ಡ ಕೆರೆಸಿಕೊಳ್ಳಲು ಹೊಸ ಅಂಗಿ ತೊಟ್ಟು ಬಂದ ಗ್ರಂಥಾಲಯದವನು ಇದ್ದ. ಬೋಳುತಲೆಯ ಪೋಸ್ಟ್‌ಮನ್ ಅಂತೂ ತನ್ನ ಚೀಟಿಯನ್ನು ಬಂದಾಗೆಲ್ಲ ಗಟ್ಟಿಯಾಗಿ ಓದುತ್ತಿದ್ದ:

ಊರಿನ ಕಾಗದ ಎಲ್ಲ ಹೊತ್ತವನ
ತಲೆ ಮೇಲೊಂದೂ ಎಳೆಯಿಲ್ಲ;
ಬಿಸಿಲಿಗೆ ಮಾತ್ರ ವಿಳಾಸ ಗೊತ್ತು,
ನೇರ ಬರುತ್ತೆ, ತಡವಿಲ್ಲ.

ಆ ಅಂಗಡಿಗೆ ಇನ್ನೊಂದು ಪದ್ಧತಿಯಿತ್ತು. ಚೀಟಿಯವರು ಯಾರಾದರೂ ತೀರಿಕೊಂಡರೆ ಕವಿ ಅದನ್ನು ಮೆಲ್ಲಗೆ ಬಿಡಿಸಿ, ಲಕೋಟೆಯಲ್ಲಿಟ್ಟು, ತಾನೇ ಅವರ ಮನೆಗೆ ಹೋಗಿ ಓದಿ ಕೊಟ್ಟು ಬರುತ್ತಿದ್ದ. ಅತ್ತವರು ನಡುವೆ ಒಂದು ಸಲ ನಕ್ಕುಬಿಡುತ್ತಿದ್ದರು. ಹಾಗೆ ಹದಿನಾಲ್ಕು ಮನೆಗೆ ಮುಟ್ಟಿಸಿದ್ದ.

ಹದಿನೈದನೆಯದು ಹೆಂಡತಿಯದು. ಅದನ್ನು ಯಾರ ಮನೆಗೆ ಮುಟ್ಟಿಸುವುದು? ಅಂಗಡಿಯ ಮೇಲೇ ಮನೆ, ಮನೆಯಲ್ಲಿ ಇರುವವನು ತಾನೊಬ್ಬನೇ. ಚೀಟಿ ಅಲ್ಲೇ ಉಳಿಯಿತು. ದಿನಕ್ಕೆ ಇಪ್ಪತ್ತು ತಲೆ, ಇಪ್ಪತ್ತು ತಲೆಯ ಮೇಲಿಂದಲೂ ಅದೇ ಚೀಟಿ. ಹೊಸದೊಂದು ಸಾಲು ಹುಟ್ಟಲಿಲ್ಲ.

"ಏನ್ ಕವಿಗಳೇ, ಅಂಗಡಿ ತೆಗೆದಿದೀರ, ಬಾಯಿಗ್ಯಾಕೆ ಬೀಗ?" ಎಂದ ಆ ದಿನ ಪೋಸ್ಟ್‌ಮನ್. ಒಂದು ಕೆನ್ನೆ ಕೆರೆದಾಗಿತ್ತು, ಇನ್ನೊಂದರ ಮೇಲೆ ನೊರೆ.

"ಮಾತಾಡ್ಬೇಡಿ, ಬ್ಲೇಡು ಕೈಲಿದೆ."

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೆಂಡತಿಯ ತಾಯಿ. ಮೂರು ಬೀದಿ ಆಚೆ ಒಂಟಿಯಾಗಿದ್ದು, ಸಿದ್ಧ ಉಡುಪಿನ ಅಂಗಡಿಗೆ ಗುಂಡಿ ಹೊಲಿದುಕೊಡುತ್ತಿದ್ದ ಮುದುಕಿ. ಕವಿ ವಾರಕ್ಕೊಮ್ಮೆ ದಿನಸಿ, ಮಾತ್ರೆ ತಲುಪಿಸಿ ಬರುತ್ತಿದ್ದ. ಅವರು ಈ ಅಂಗಡಿಯ ಹೊಸ್ತಿಲು ತುಳಿದವರೇ ಅಲ್ಲ.

"ಅಯ್ಯೋ ಅತ್ತೆ, ನೀವ್ಯಾಕೆ ಬರೋಕೆ ಹೋದ್ರಿ? ಹೇಳಿ ಕಳಿಸಿದ್ರೆ..."

"ಹೇಳಿ ಕಳಿಸೋಕೆ ನಾನೇನು ದಿನಸಿ ಕೇಳೋಕೆ ಬಂದಿದೀನಾ ಅಳಿಯಂದ್ರೇ?" ಅತ್ತೆ ಬೆಂಚಿನ ಮೇಲೆ ಕೂತರು. "ಊರಲ್ಲಿ ಸತ್ತೋರ ಮನೆಗೆಲ್ಲ ಚೀಟಿ ಹೊತ್ಕೊಂಡು ಹೋಗ್ತೀರಂತೆ. ನಮ್ಮ ಪಕ್ಕದ ಮನೆಗೂ ಬಂದಿದ್ರಿ. ನನ್ನ ಮಗಳು ಸತ್ತು ಎಂಟು ತಿಂಗಳಾಯ್ತು. ನಾನು ದಿನಾ ಬಾಗಿಲು ನೋಡ್ತಾ ಇದೀನಿ. ನೀವು ಬೇಳೆ ತಂದ್ರಿ, ಸಕ್ಕರೆ ತಂದ್ರಿ. ಚೀಟಿ ತರ್ಲಿಲ್ಲ."

ಕವಿಯ ಕೈ ಗಾಳಿಯಲ್ಲೇ ನಿಂತಿತು. ಆ ಮನೆಯೂ ಒಂದು ಮನೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಸಾವು ತನ್ನ ಮನೆಯಲ್ಲಿ ಮಾತ್ರ ಆಗಿದೆ ಎಂದುಕೊಂಡು ಕೂತಿದ್ದ.

"ನನಗೆ ಅಕ್ಷರ ಬರಲ್ಲ ಅಂತ ಬಿಟ್ರೋ ಏನೋ," ಎಂದರು ಅತ್ತೆ. "ನೀವೇ ಓದಿ. ಎಲ್ಲರ ಮನೇಲೂ ಓದ್ತೀರಲ್ಲ."

ಪೋಸ್ಟ್‌ಮನ್ ಎದ್ದು ಹೋಗಲಾರ, ಅರ್ಧ ಮುಖ ನೊರೆ. ಕಣ್ಣು ಮುಚ್ಚಿ, ಇಲ್ಲದವನ ಹಾಗೆ ಕೂತ. ಕವಿ ಚೀಟಿಯ ಕಡೆ ತಿರುಗಿದ. ಓದುವ ಅಗತ್ಯವಿರಲಿಲ್ಲ, ಆದರೂ ಅತ್ತೆಯ ಮುಖ ನೋಡುವುದು ತಪ್ಪಲಿ ಎಂದು ಓದಿದ:

ನನ್ನವಳ ಕೂದಲು ನನಗೇ ಸಿಗದು,
ಕತ್ತರಿ ಕಂಡರೆ ಓಟ;
ಊರಿನ ತಲೆಗಳ ಗೆದ್ದವನಿಗೆ
ಮನೆಯಲಿ ದಿನವೂ ಸೋಲಿನಾಟ.

ಹದಿನಾಲ್ಕು ಮನೆಯಲ್ಲೂ ನಕ್ಕಿದ್ದರು. ಅತ್ತೆ ನಗಲಿಲ್ಲ.

"ಯಾಕೆ ಓಡ್ತಿದ್ಲು ಅಂತ ಹೇಳಿದ್ಲಾ?"

"ಅದೇನೋ ಹುಡುಗಾಟ ಅಂದ್ಕೊಂಡಿದ್ದೆ, ಅತ್ತೆ."

"ಹುಡುಗಾಟ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಆರು ವರ್ಷದೋಳು. ತಲೇಲಿ ಹೇನು ಅಂತ ಶಾಲೆಯಿಂದ ಆಚೆ ಕಳಿಸಿದ್ರು. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ನೂಲು ಕತ್ತರಿಸೋ ಕತ್ತರಿ ಇತ್ತಲ್ಲ, ಅದ್ರಲ್ಲೇ, ಹಿಡಿದು ಕೂರಿಸಿ, ಬುಡಕ್ಕೇ ಕತ್ತರಿಸಿಬಿಟ್ಟೆ. ಕಿವಿ ಹತ್ರ ರಕ್ತಾನೂ ಬಂತು. ಕೆಲಸದಿಂದ ಬಂದು ನೋಡ್ತೀನಿ, ಮಂಚದ ಕೆಳಗೆ ಮಲಗಿದಾಳೆ. ಮೂರು ದಿನ ಆಚೆ ಬರ್ಲಿಲ್ಲ. ಅವತ್ತಿಂದ ಕತ್ತರಿ ಸದ್ದು ಕೇಳಿದ್ರೆ ಮೈ ನಡುಗೋದು ಅವಳಿಗೆ."

ಕವಿಗೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಒಂದು ದಿನ, ಅಡುಗೆಮನೆಯಲ್ಲಿ, ಹಿಂದಿನಿಂದ ಹೋಗಿ ಅವಳ ಕಿವಿಯ ಬಳಿ ಕತ್ತರಿಯನ್ನು ಕಚಕ್ ಕಚಕ್ ಎನಿಸಿದ್ದ. ಅವಳು ಕಿರುಚಿಕೊಂಡಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆ ರಾತ್ರಿಯೇ ಈ ಪದ್ಯ ಕಟ್ಟಿದ್ದು.

ಅಂಥವಳು ಕತ್ತರಿ ಸದ್ದಿನ ಮೇಲೆಯೇ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಳು.

ಅವನ ಕೈ ಚೀಟಿಯನ್ನು ಹರಿಯಲು ಹೋಯಿತು.

"ಹರಿಬೇಡ್ರೀ," ಎಂದ ಪೋಸ್ಟ್‌ಮನ್, ಕಣ್ಣು ಮುಚ್ಚಿಕೊಂಡೇ. "ಅಂಟು ಬಿಟ್ಟಾಗೆಲ್ಲ ನಿಮ್ಮ ಮನೆಯವ್ರೇ ಅಂಟಿಸ್ತಿದ್ರು. ಅವ್ರು ಕಸ ಗುಡಿಸೋಕೆ ಬಂದಾಗ ನಾನೇ ಎಷ್ಟೋ ಸಲ ನೋಡಿದೀನಿ."

"ನಗ್ತಾ ಇದ್ಲಾ?" ಎಂದ ಕವಿ.

"ಬೆನ್ನು ಕಾಣ್ತಿತ್ತು, ಅಷ್ಟೆ."

ಇಷ್ಟಪಟ್ಟು ಅಂಟಿಸಿದಳೋ, ನುಂಗಿಕೊಂಡು ಅಂಟಿಸಿದಳೋ. ಉತ್ತರ ಹೇಳಬೇಕಾದವಳು ಇಲ್ಲ. ಮುಂದಿನ ಕನ್ನಡಿಯಲ್ಲೂ ಅದೇ ಪ್ರಶ್ನೆಯ ಮುಖ, ಹಿಂದಿನದರಲ್ಲೂ ಅದೇ.

"ಇದು ಬೇಡ ಅತ್ತೆ. ಬೇರೆ ಬರೆದು ಕೊಡ್ತೀನಿ."

"ಬೇರೆ ಬರೆಯೋಕೆ ಅವಳು ನಿಮಗೆಷ್ಟು ಗೊತ್ತು?" ಅತ್ತೆಯ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಅವನನ್ನು ಹೆಚ್ಚು ಇರಿಯಿತು. "ನನಗೂ ಪೂರ್ತಿ ಗೊತ್ತಿಲ್ಲ ಬಿಡಿ. ಆ ಕತ್ತರಿ ಹಿಡಿದೋಳೇ ನಾನು. ನಿಮಗೆ ಹೇಳೋಕೆ ಎಂಟು ತಿಂಗಳು ನನಗೂ ಬಾಯಿ ಬರ್ಲಿಲ್ಲ. ಕೊಡಿ ಅದನ್ನ."

ಅವನು ಬಿಡಿಸಿ ಕೊಟ್ಟ. ಅತ್ತೆ ಅದನ್ನು ಓದುವವರ ಹಾಗೆ ಹಿಡಿದು ನೋಡಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊರಡಲಿಲ್ಲ.

"ಇವರದ್ದು ಮುಗಿಸಿ," ಎಂದರು. "ನಾನು ಹೇಳ್ತಾ ಇರ್ತೀನಿ. ಅವಳ ಏಳನೇ ವರ್ಷದಲ್ಲಿ ಏನಾಯ್ತು ಅಂದ್ರೆ..."

ಕವಿಗೆ ಕೇಳುವ ಧೈರ್ಯವಿರಲಿಲ್ಲ. ಬಾಗಿಲು ತೆರೆದೇ ಇತ್ತು, ಆಚೆ ಬೀದಿಯಿತ್ತು, ಬೀದಿಯ ತುದಿಗೆ ಬಸ್ಸುಗಳೂ ಇದ್ದವು. ಅವನು ಒಣಗಿದ ನೊರೆ ಒರೆಸಿ ಹೊಸದಾಗಿ ಕಲಸಿದ. ಯಾರದೋ ಅರ್ಧ ಕೆನ್ನೆ ಬಾಕಿ ಬಿಟ್ಟು ಯಾವ ಕ್ಷೌರಿಕ ಓಡಿಹೋಗುತ್ತಾನೆ?