ಮೀರಾಬ್ ಏನಂತಾರೆ?

ನನ್ನ ಗಂಡ ನಿಯಾಜ್ ನಮ್ಮ ಸರಜೂಯ್ ಊರಿನ ಮೀರಾಬ್, ಅಂದರೆ ನೀರುಗಂಟಿ. ಬದುಕಿದ್ದಾಗಲೂ ಮೀರಾಬ್, ಸತ್ತ ಮೇಲೂ ಮೀರಾಬ್. ಇದು ನಾನು ಕಟ್ಟಿ ಹೇಳುತ್ತಿರುವ ಕಥೆಯಲ್ಲ, ಊರವರು ಕೂತು ಮಾಡಿದ ತೀರ್ಮಾನ.

ಅವರು ಹೋದದ್ದು ಜರ್ದಾಳು ಮರಗಳಿಗೆ ನೀರು ಹಾಯಿಸುವ ಕಾಲದಲ್ಲಿ. ಮಣ್ಣು ಮಾಡಿ ಬಂದ ಗಂಡಸರು ಉಗುರಿನ ಮಣ್ಣು ಹೋಗುವ ಮುಂಚೆಯೇ ಚಹಾಖಾನೆಯಲ್ಲಿ ಜಗಳಕ್ಕೆ ಕೂತರು. ಕಾಲುವೆಯ ತಲೆಯ ಕಡೆ ಮೇಲ್ಕೇರಿ, ಬಾಲದ ಕಡೆ ಕೆಳಕೇರಿ. ಮೇಲ್ಕೇರಿಯವರು ಗುಲ್ಮುರೋದನ ಹೆಸರು ಎತ್ತಿದರು. "ಅವನು ಮೀರಾಬ್ ಆದ್ರೆ ನಾವು ಕೆಸರು ನೆಕ್ಕಬೇಕಾಗತ್ತೆ" ಎಂದು ಕೆಳಕೇರಿಯ ತುರೋಬ್ ಎದ್ದು ನಿಂತ. ಹಾಗಾದರೆ ತುರೋಬನೇ ಆಗಲಿ ಎಂದರು ಅವನ ಕಡೆಯವರು. "ಊರ ನೀರನ್ನೆಲ್ಲ ತನ್ನ ಬಾತುಕೋಳಿಗಳಿಗೆ ಈಜೋಕೆ ಬಿಡ್ತಾನೆ, ನಮ್ಮ ತೋಟ ಒಣಗ್ಲಿ" ಎಂದು ಗುಲ್ಮುರೋದ್ ಚಹಾ ಬಟ್ಟಲನ್ನು ಕುಕ್ಕಿದ.

ಕೊನೆಗೆ ಊರಿಗೇ ಹಿರಿಯರಾದ ಯೋದ್ಗೋರ್ ಬಾಬಾ ಗಡ್ಡ ನೀವಿಕೊಂಡು, "ನೀವು ಒಪ್ಪಂದಕ್ಕೆ ಬರೋವರೆಗೂ ನಿಯಾಜೇ ಇರ್ಲಿ ಬಿಡ್ರಪ್ಪ. ಅವನ ಬಗ್ಗೆ ಯಾರಿಗೂ ತಕರಾರಿಲ್ವಲ್ಲ" ಎಂದರಂತೆ. ಎಲ್ಲರೂ ಉಸಿರು ಬಿಟ್ಟು, ಅಂಗೈ ಎತ್ತಿ, "ಓಮೀನ್", ಹಾಗೇ ಆಗಲಿ, ಅಂದು ಮುಖ ಸವರಿಕೊಂಡರು. ಹಾಗೆ ಮುಖ ಸವರಿಕೊಂಡ ಮೇಲೆ ನಮ್ಮೂರಲ್ಲಿ ಮಾತು ಮುಗಿಯಿತು. ಆಮೇಲೆ ಯಾರಪ್ಪ ಬಂದರೂ ಅದನ್ನು ಬದಲಾಯಿಸುವಂತಿಲ್ಲ.

ಮೀರಾಬ್ ಏನೋ ಅವರೇ. ಆದರೆ ಹಾರೆ ಗುದ್ದಲಿ ಹಿಡಿಯುವವರು ಯಾರು? ತೂಬು ಎತ್ತುವವರು, ಹೂಳು ತೆಗೆಸುವವರು, ಕುಡಿಯುವ ನೀರಿನ ಹೌಜಿಗೆ ದನ ಇಳಿಯದಂತೆ ಕಾಯುವವರು ಯಾರು? ನಾನು, ಸವ್ರಿ. ಅದನ್ನು ಯಾರೂ ತೀರ್ಮಾನ ಮಾಡಲಿಲ್ಲ. ಮನೆಯಲ್ಲಿ ಗಂಡನ ಕೆಲಸ ಬಾಕಿ ಉಳಿದರೆ ಹೆಂಡತಿ ಮಾಡುವುದಿಲ್ಲವೇ, ಹಾಗಂತೆ.

ಮರುದಿನವೇ ಗುಲ್ಮುರೋದ್ ನಮ್ಮ ಬಾಗಿಲಿಗೆ ಬಂದ. "ಅತ್ತಿಗೆ, ನನ್ನ ಪಾಳಿ ಇವತ್ತಾ ನಾಳೆಯಾ? ಮೀರಾಬ್ ಏನಂತಾರೆ?"

"ಏನಂತಾರೆ? ನಿನ್ನೆ ನೀನೇ ಅಲ್ವಾ ಅವರ ಮೇಲೆ ಮಣ್ಣು ಎಳೆದದ್ದು?"

ಅವನ ಮುಖ ಸಣ್ಣಗಾಯಿತು. "ಹಾಗೆಲ್ಲ ಹೇಳ್ಬೇಡಿ ಅತ್ತಿಗೆ. ಹುದ್ದೇಲಿರೋ ಮನುಷ್ಯರು."

ಕಣ್ಣೀರು ಇನ್ನೂ ಆರಿರಲಿಲ್ಲ, ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವನನ್ನು ಸಾಗಹಾಕಿದರೆ ಸಾಕೆಂದು, "ನಾಳೆ ಅಂತಾರೆ" ಎಂದುಬಿಟ್ಟೆ. ಅವನು ಎದೆಯ ಮೇಲೆ ಕೈಯಿಟ್ಟು ಬಾಗಿ ಹೊರಟುಹೋದ. ಆ ಮಾತು ಅಂದಿನಿಂದ ನನ್ನ ಕುತ್ತಿಗೆಗೆ ಬಿತ್ತು.

ಯಾರೇ ಬರಲಿ, ಮೀರಾಬ್ ಏನಂತಾರೆ? ಬದು ಕಡಿಯಬಹುದೆ ಅಂತ ಕೇಳಿ. ಕಂಬಳಿ ಒಗೆಯಬಹುದೆ ಅಂತ ಕೇಳಿ. ನಾನು ಒಳಗೆ ಹೋಗಿ ಒಲೆಗೆ ಎರಡು ಕಟ್ಟಿಗೆ ತುರುಕಿ, ಹೊರಗೆ ಬಂದು, "ಬೇಡ ಅಂತಾರೆ" ಅನ್ನುತ್ತಿದ್ದೆ. ವರ್ಷಗಟ್ಟಲೆ ತಂಟೆಯಿಲ್ಲದೆ ಆ ಮಾತು ಕೇಳಿದರು. ನಿಜ ಹೇಳಬೇಕೆಂದರೆ ಅವರು ಬದುಕಿದ್ದಾಗಲೂ ಇದೇ ನಡೆಯುತ್ತಿತ್ತು. "ಯೋಚನೆ ಮಾಡಿ ನಾಳೆ ಹೇಳ್ತೀನಿ" ಅಂತ ಬಂದವರನ್ನು ಕಳಿಸಿ, ರೊಟ್ಟಿ ಮುರಿಯುತ್ತಾ, "ಏನೇ, ಏನು ಹೇಳ್ಲಿ?" ಅಂತ ನನ್ನನ್ನು ಕೇಳುತ್ತಿದ್ದರು. ಒಳ್ಳೆಯ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತಿದ್ದರು.

ನನ್ನ ಹೊಟ್ಟೆ ಉರಿಸಿದ್ದು ಪಲಾವು. ವಸಂತದಲ್ಲಿ ಕಾಲುವೆ ಶುಚಿ ಮಾಡಲು ಇಡೀ ಊರು ಹಶರಿಗೆ ಸೇರುತ್ತದೆ, ಕೂಲಿಯಿಲ್ಲದ ಕೆಲಸ, ಕೊನೆಗೆ ದೊಡ್ಡ ಕೊಪ್ಪರಿಗೆಯ ಪಲಾವು. ಮೊದಲ ತಟ್ಟೆ ಮೀರಾಬನದು, ಮೇಲೆ ಕುರಿಯ ಬಾಲದ ಕೊಬ್ಬು, ಎಲ್ಲಕ್ಕಿಂತ ರುಚಿಯ ತುಂಡು, ಇಟ್ಟು ಕೊಡುತ್ತಾರೆ. ಸತ್ತವರು ತಿನ್ನುವುದಿಲ್ಲವಲ್ಲ, ಅವರ ಪರವಾಗಿ ಯೋದ್ಗೋರ್ ಬಾಬಾ ತಿನ್ನುತ್ತಿದ್ದರು. "ಅವನ ಆತ್ಮಕ್ಕೆ ಮುಟ್ಲಿ" ಎಂದು ಕಣ್ಣುಮುಚ್ಚಿ, ಗಲ್ಲದ ಮೇಲೆ ಕೊಬ್ಬು ಇಳಿಸಿಕೊಂಡು ತಿನ್ನುತ್ತಿದ್ದರು. ಮೊಣಕಾಲುದ್ದ ಕೆಸರಲ್ಲಿ ನಿಂತಿದ್ದ ನನಗೆ ಹೆಂಗಸರ ಪಂಕ್ತಿಯ ಕೊನೆಯಲ್ಲಿ, ತಳ ಹಿಡಿದ ಅಕ್ಕಿ.

ಈ ವರ್ಷದ ಹಶರಿನಲ್ಲಿ ನನಗೆ ತಡೆಯಲಾಗಲಿಲ್ಲ. ಗುದ್ದಲಿಯನ್ನು ನೆಲಕ್ಕೆ ಊರಿ, ಎಲ್ಲರ ಎದುರಿಗೆ, "ನನ್ನನ್ನೇ ಮೀರಾಬ್ ಮಾಡಿ. ನನ್ನ ಹೆಸರಲ್ಲಿ" ಎಂದೆ.

ಪಲಾವು ಬಡಿಸುತ್ತಿದ್ದವರು ಸೌಟು ಎತ್ತಿಕೊಂಡೇ ನನ್ನತ್ತ ತಿರುಗಿದರು. ಆಮೇಲೆ ನಕ್ಕರು. ಕೆಟ್ಟ ನಗುವಲ್ಲ, ಮಗು ಚಂದ್ರ ಬೇಕು ಅಂದಾಗ ನಗುತ್ತಾರಲ್ಲ, ಆ ನಗು. "ಈಗೇನು ಕಮ್ಮಿಯಾಗಿದೆ ಅತ್ತಿಗೆ?" ಎಂದ ಗುಲ್ಮುರೋದ್. "ನಮ್ಮಣ್ಣ ನಿಯಾಜ್ ಅಕಾ ಚೆನ್ನಾಗೇ ನೋಡ್ಕೋತಿದಾರಲ್ಲ." ತುರೋಬ್ ತಲೆಯಾಡಿಸಿದ. "ಯಾರ ಪಕ್ಷಾನೂ ವಹಿಸಲ್ಲ. ಅಂಥ ಮೀರಾಬ್ ಎಲ್ಲಿ ಸಿಗ್ತಾರೆ?" ಎರಡು ಕೇರಿಯೂ ಒಂದು ಮಾತಿಗೆ ಬಂದದ್ದನ್ನು ನಾನು ಕಂಡದ್ದು ಅವತ್ತೇ. ಯೋದ್ಗೋರ್ ಬಾಬಾ ಮಾತ್ರ ಬಾಯಿ ತುಂಬ ಅನ್ನ ಇದ್ದುದರಿಂದ ಏನೂ ಹೇಳಲಿಲ್ಲ.

ಇನ್ನು ಮೇಲೆ ಅವರ ಹೆಸರಲ್ಲಿ ಒಂದು ಮಾತೂ ಆಡುವುದಿಲ್ಲ ಎಂದು ಅಲ್ಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಕಲ್ಲಂಗಡಿ ಬಳ್ಳಿಗಳು ಹೂ ಬಿಟ್ಟಿದ್ದ ಒಂದು ಮಧ್ಯಾಹ್ನ ಬೆಟ್ಟದ ತುದಿಗೆ ಕಪ್ಪು ಮೋಡ ಕೂತಿತು. ನಮ್ಮ ಮೇಲೆ ಒಂದು ಹನಿಯೂ ಇಲ್ಲ. ಆದರೆ ಕಾಲುವೆಯ ನೀರು ನೋಡುತ್ತಿದ್ದ ಹಾಗೇ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು, ಹಸಿ ಮಣ್ಣಿನ ವಾಸನೆ ಬಂತು. ಸೇಲ್ ಬರುತ್ತಿತ್ತು, ಬೆಟ್ಟ ತೊಳೆದುಕೊಂಡು ಬರುವ ಕೆಸರಿನ ಪ್ರವಾಹ. ನಾನು ಹೌಜಿಗೆ ನೀರು ಬರುವ ಬಾಯಿ ಮುಚ್ಚಿದೆ. ಅಷ್ಟೇ ಸಾಲದು. ಮೇಲಿನ ಕೋಡಿ ಒಡೆದು ಕೆಸರನ್ನು ಹಳ್ಳಕ್ಕೆ ತಿರುಗಿಸದಿದ್ದರೆ ಕಾಲುವೆ ದಂಡೆ ಮೀರಿ ಹೌಜಿನೊಳಕ್ಕೇ ಸುರಿಯುತ್ತದೆ. ಆಮೇಲೆ ಬೇಸಗೆಯೆಲ್ಲ ಊರಿಗೆ ಕುಡಿಯಲು ನೀರಿಲ್ಲ.

ಆ ಕೋಡಿಯನ್ನು ಗುಲ್ಮುರೋದ್ ಕಲ್ಲು ಜೇಡಿ ಹಾಕಿ ಮೆತ್ತಿದ್ದ. ಕೆಲವು ವರ್ಷದಿಂದ ಸೇಲ್ ಬಂದಿರಲಿಲ್ಲ ಅಂತ ಅದರ ಒಣ ಪಾತ್ರದಲ್ಲಿ ಕಲ್ಲಂಗಡಿ ಹಾಕಿದ್ದ. ಮೆತ್ತಿದ ಜಾಗದ ಮೇಲೆ ಮರದ ಮಂಚ ಇಟ್ಟು, ಕೆಟಲು ಬಟ್ಟಲು ಜೋಡಿಸಿಕೊಂಡು ಕೂತಿದ್ದ.

ನಾನು ಓಡಿಹೋದೆ. "ಗುಲ್ಮುರೋದ್, ಏಳು! ಕೋಡಿ ಒಡಿ, ಸೇಲ್ ಬರ್ತಿದೆ!"

ಅವನು ಬೆಟ್ಟ ನೋಡಿದ, ಬಳ್ಳಿ ನೋಡಿದ. "ಮೀರಾಬ್ ಹೇಳಿದ್ರಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಇಲ್ಲ. ನಾನು ಹೇಳ್ತಿದೀನಿ."

"ಒಂದು ಮಾತು ಅವರನ್ನ ಕೇಳ್ಬಿಡಿ ಅತ್ತಿಗೆ. ಅವರು ಹೂಂ ಅಂದ್ರೆ ನಾನೇ ಅಗೀತೀನಿ. ಮೀರಾಬ್ ಮಾತಿಲ್ಲದೆ ಕಟ್ಟೆ ಒಡೆದ್ರೆ ತಪ್ಪಾಗತ್ತೆ."

"ಅವರು ಆ ಗುಡ್ಡದ ಮೇಲೆ ಮಲಗಿದಾರೆ. ನೀನೇ ಹೋಗಿ ಕೇಳ್ಕೊಂಡು ಬಾ."

ಅಷ್ಟರಲ್ಲಿ ಎರಡೂ ಕೇರಿಯವರು ಗುದ್ದಲಿ ಹಿಡಿದು ಓಡಿಬಂದರು, ಹಿಂದೆ ಕೋಲೂರಿಕೊಂಡು ಯೋದ್ಗೋರ್ ಬಾಬಾ. ಮೇಲಿನ ಕಮರಿಯಲ್ಲಿ ಕಲ್ಲುಗಳು ಉರುಳುವ ಗುಡುಗುಡು ಕೇಳುತ್ತಿತ್ತು. ನಾನು ಮಂಚದ ಪಕ್ಕದಲ್ಲಿ ತಲೆವಸ್ತ್ರ ಬಿಗಿದು ನಿಂತಿದ್ದೆ. ಆ ಹೌಜಿನ ನೀರು ನನ್ನ ಮೊಮ್ಮಕ್ಕಳೂ ಕುಡಿಯುವ ನೀರು. ಆದರೂ ಬಾಯಿ ಬಿಡಲಿಲ್ಲ. ಇವತ್ತು ಬಿಟ್ಟುಕೊಟ್ಟರೆ ನಾನು ಸಾಯುವವರೆಗೂ ಸತ್ತವರ ಬಾಯಿಯಾಗಿಯೇ ಇರಬೇಕು.

ತುರೋಬ್ ಅಳುವ ದನಿಯಲ್ಲಿ ಅಂಗಲಾಚಿದ. "ಅತ್ತಿಗೆ, ನಿಮ್ಮ ದಮ್ಮಯ್ಯ. ಅವರು ಹೇಳಿದ್ರು ಅಂತ ಒಂದು ಮಾತು ಹೇಳ್ಬಿಡಿ. ಸುಳ್ಳಾದ್ರೂ ಪರವಾಗಿಲ್ಲ."

"ಓಹೋ. ಸುಳ್ಳು ಅಂತ ಗೊತ್ತಾ ನಿಂಗೆ?"

"ಊರಿಗೆಲ್ಲ ಗೊತ್ತು!"

"ಹಾಗಾದ್ರೆ ಇಷ್ಟು ವರ್ಷ ಯಾರ ಮಾತು ಕೇಳ್ತಿದ್ರಿ?"

ಹಿಂದಿನಿಂದ ಯಾರೋ, "ನಿಮ್ದೇ" ಎಂದು ಗೊಣಗಿದರು.

"ಸೇಲ್ ಸದ್ದಿನಲ್ಲಿ ಕೇಳಿಸ್ಲಿಲ್ಲ. ಜೋರಾಗಿ ಹೇಳಿ."

"ಸರಿ, ನೀವೇ ಮೀರಾಬ್ ಆಗಿ, ನಮ್ಮದು ಒಪ್ಪಿಗೆ..." ಎಂದು ತುರೋಬ್ ಶುರು ಮಾಡಿದ್ದೇ ತಡ, ಮೇಲ್ಕೇರಿಯವರ ಹುಬ್ಬು ಗಂಟಾಯಿತು. ಕೆಳಕೇರಿಯವರು ಮೊದಲು ಹೆಸರು ಹೇಳಿದರೆ ಅದು ಕೆಳಕೇರಿಯ ಮೀರಾಬ್ ಆಯಿತಲ್ಲ. "ಮೊದಲು ನಾವು ಹೇಳ್ತೀವಿ" ಎಂದ ಗುಲ್ಮುರೋದ್. "ಯಾಕೆ, ನೀವೇನು ಆಕಾಶದಿಂದ ಇಳಿದವರಾ?" ಎಂದ ತುರೋಬ್. ಕೆಸರು ನೀರು ಮಂಚದ ಕಾಲು ನೆಕ್ಕುತ್ತಿತ್ತು, ಇವರು ಕೆಸರಲ್ಲಿ ಹೊರಳುತ್ತಾ ಕೊರಳಪಟ್ಟಿ ಹಿಡಿದುಕೊಂಡಿದ್ದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಇಬ್ರೂ ಒಟ್ಟಿಗೆ ಹೇಳ್ರೋ, ಕತ್ತೆಗಳಾ!" ಎಂದು ಕಿರುಚಿದೆ. "ಬಾಬಾ, ಕೈ ಎತ್ತಿ!"

ಯೋದ್ಗೋರ್ ಬಾಬಾ ಅಂಗೈ ಎತ್ತಿದರು. ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದರು. "ಅಲ್ಲಮ್ಮ ಸವ್ರಿ, ಹಶರಿನ ಪಲಾವು..."

"ಇನ್ಮೇಲೆ ನಾನೇ ತಿಂತೀನಿ."

ಕೈ ಸ್ವಲ್ಪ ಇಳಿಯಿತು.

"ಅರ್ಧ ನಿಮ್ಗೆ!"

"ಬಾಲದ ಕೊಬ್ಬು?"

"ತಗೊಳ್ಳಿ ಬಾಬಾ, ಪೂರ್ತಿ ಕೊಬ್ಬೂ ನಿಮ್ದೇ, ಕೈ ಎತ್ತಿ!"

"ಓಮೀನ್!" ಎಂದರು ಬಾಬಾ. ಎರಡು ಕೇರಿಯೂ ಒಂದೇ ಬಾಯಲ್ಲಿ "ಸವ್ರಿ ಮೀರಾಬ್" ಎಂದು ಕೂಗಿ, ಕೆಸರು ಕೈಯಿಂದ ಮುಖ ಸವರಿಕೊಂಡವು. ಆ ಹೊತ್ತಿಗೆ ಯಾರು ಗುಲ್ಮುರೋದ್, ಯಾರು ತುರೋಬ್ ಅಂತ ಗುರುತು ಸಿಗುತ್ತಿರಲಿಲ್ಲ.

"ಈಗ ಒಡೀರಿ" ಎಂದೆ.

ಮೊದಲ ಏಟು ಹಾಕಿದವನು ಗುಲ್ಮುರೋದನೇ, ಅದನ್ನು ಅವನ ಪಾಲಿಗೆ ಹೇಳಲೇಬೇಕು. ಕೋಡಿ ಬಾಯಿಬಿಟ್ಟದ್ದೇ ಕೆಸರು ಆ ಕಡೆ ನುಗ್ಗಿತು. ಬಳ್ಳಿಗಳು ಹೋದವು. ಮಂಚವೂ ಹೋಯಿತು, ಕೆಟಲು ಅದರ ಮೇಲೆ ಕೂತುಕೊಂಡೇ ಹಳ್ಳಕ್ಕೆ ಸವಾರಿ ಹೊರಟಿತು. ನಾನು ಕೆಳಗೆ ಓಡಿ ಹೌಜು ನೋಡಿದೆ. ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ಅಲ್ಲೇ ಕೂತು ಬೊಗಸೆ ತುಂಬ ಮೊಗೆದು ಕುಡಿದೆ.

ಮಾರನೆಯ ವಾರದಿಂದ ಬೈಗುಳ ಶುರುವಾಯಿತು. ತುರೋಬ್ ಬಂದು, ನಾನು ಮೇಲ್ಕೇರಿಯವರ ಕಡೆ ವಾಲಿದ್ದೇನೆ ಎಂದ. ಮೇಲ್ಕೇರಿಯ ಹೆಂಗಸರು ನಾನು ತುರೋಬನ ಬಾತುಕೋಳಿಗಳ ಮೊಟ್ಟೆ ತಿಂದಿದ್ದೇನೆ ಎಂದರು. ಇಷ್ಟು ವರ್ಷ ಬಾಗಿಲಿಗೆ ಬಂದವರೆಲ್ಲ ಎದೆಯ ಮೇಲೆ ಕೈಯಿಟ್ಟು ಬಾಗುತ್ತಿದ್ದರು. ಈಗ ಕೈ ಸೊಂಟದ ಮೇಲೆ. ಕೇಳಿಕೊಂಡು, ತಿರುಗಿ ಬೈದು, ನನ್ನ ಕೆಲಸ ನಾನು ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಗುಲ್ಮುರೋದ್ ಕಾಲುವೆಯ ಆಚೆ ದಂಡೆಯಿಂದ ಅರಚತೊಡಗಿದ. "ಇದೇನು ನೀರಾ, ಬೆಕ್ಕು ಉಚ್ಚೆ ಹೊಯ್ದ ಹಾಗೆ? ನೀವೆಂಥ ಮೀರಾಬ್? ರಹ್ಮತಿ ನಿಯಾಜ್ ಅಕಾ ಇದ್ದಿದ್ರೆ ನನಗೆ ಹೀಗಾಗ್ತಿತ್ತಾ?"

ತಿರುಗಿ ಬೈಯಲು ಬಾಯಿ ತೆರೆದವಳು ಗುದ್ದಲಿ ಕೆಳಗಿಟ್ಟೆ. ತೀರಿಕೊಂಡವರ ಹೆಸರಿನ ಮುಂದೆ ನಾವು ರಹ್ಮತಿ ಎನ್ನುತ್ತೇವೆ, ದೇವರ ಕರುಣೆ ಅವರ ಮೇಲಿರಲಿ ಅಂತ. ಊರಲ್ಲಿ ಸತ್ತ ಎಲ್ಲರಿಗೂ ಆ ಮಾತು ಸಿಕ್ಕಿತ್ತು, ನನ್ನ ಗಂಡನಿಗೆ ಸಿಕ್ಕಿರಲಿಲ್ಲ. ನಾನೂ ಅಂದಿರಲಿಲ್ಲ. ಹುದ್ದೆಯಲ್ಲಿದ್ದವರನ್ನು ಹಾಗೆ ಅನ್ನುವುದು ಹೇಗೆ?

"ಏನಂದೆ? ಇನ್ನೊಂದ್ಸಲ ಹೇಳು" ಎಂದೆ.

ಅವನು ಹೆದರಿ ದನಿ ಇಳಿಸಿದ. "ರಹ್ಮತಿ ನಿಯಾಜ್ ಅಕಾ ಅಂದೆ. ತಪ್ಪಾಯ್ತಾ ಅತ್ತಿಗೆ?"

ದಂಡೆಯ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟು, ಮುಚ್ಚುಮರೆಯಿಲ್ಲದೆ ಅತ್ತೆ. ಇಷ್ಟು ವರ್ಷ ಊರ ನೀರಿನ ಗಲಾಟೆಯಲ್ಲಿ ನನ್ನವರಿಗಾಗಿ ಅಳಲು ಬಿಡುವು ಕೊಟ್ಟವರಿರಲಿಲ್ಲ. ಗುಲ್ಮುರೋದ್ ಆಚೆ ದಂಡೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಮನಸ್ಸು ಹಗುರಾಗುವಷ್ಟು ಅತ್ತು, ಮೂಗು ಒರೆಸಿಕೊಂಡು ಎದ್ದೆ. ಅವನ ಪಾಳಿ ಮುಗಿದಿತ್ತು, ತೂಬು ಮುಚ್ಚಿದೆ.