ಟವರಿಗೆ ಕಟ್ಟಿದ ಕುರ್ಚಿ

ಪಕ್ಕದ ಮನೆಯ ವಾಚ್ ರಿಪೇರಿಯವನು ಕೈರೇಡಿಯೊವನ್ನು ಕಿವಿಗೊತ್ತಿ, ಗುಂಡಿ ತಿರುಗಿಸಿ, ಮತ್ತೆ ಮೇಜಿನ ಮೇಲಿಟ್ಟ. ಕರಕರ ಸದ್ದು ಕೋಣೆಯನ್ನೆಲ್ಲ ತುಂಬಿತು.

“ಇವತ್ತೊಂದು ದಿನ ಆದ್ರೂ ಸುಮ್ಮನಿರಬಾರದಾ ಇದು?” ಎಂದು ತಾಯಿಯ ಪಕ್ಕ ಕೂತಿದ್ದ ಮಗಳು ಕಣ್ಣೊರೆಸಿಕೊಂಡಳು.

ಬೆಳಿಗ್ಗೆಯಷ್ಟೇ ಅಪ್ಪನನ್ನು ಮಣ್ಣು ಮಾಡಿ ಬಂದಿದ್ದರು. ನಾಲ್ಕು ಗಂಟೆಗೆ ಅವನ ಹವ್ಯಾಸಿ ರೇಡಿಯೊ ಗೆಳೆಯರು ದೂರದೂರದಿಂದ ಒಬ್ಬೊಬ್ಬರಾಗಿ ಮಾತಾಡಿ ಅವನನ್ನು ಬೀಳ್ಕೊಡುವುದಿತ್ತು. ಅವರ ದನಿ ಬರಬೇಕಾದದ್ದು ಇದೇ ಕಟ್ಟಡದ ತಾರಸಿಯ ಮೇಲಿದ್ದ ರಿಪೀಟರಿನಿಂದ. ಸೋತ ದನಿಯನ್ನು ಹಿಡಿದು, ಬಲ ತುಂಬಿ ಮತ್ತೆ ಕಳಿಸುವ ಪೆಟ್ಟಿಗೆ ಅದು. ಗಾಳಿ ಬೀಸಿದರೆ ಸಾಕು, ಅದರಲ್ಲಿ ಕರಕರ.

“ಅತ್ತಿಗೆ, ಹೀಗಾದ್ರೆ ಒಂದಕ್ಷರ ಕೇಳ್ಸಲ್ಲ. ಇನ್ನೊಂದಿನ ಇಟ್ಕೊಳ್ಳೋಣ್ವಾ?” ಎಂದ ವಾಚ್ ರಿಪೇರಿಯವನು.

“ಇನ್ನೊಂದಿನ ಅಂದ್ರೆ ಯಾರು ಬರ್ತಾರಪ್ಪಾ? ಅವರಲ್ಲಿ ಒಬ್ಬರ ಮುಖಾನೂ ನಾನು ಕಂಡಿಲ್ಲ. ಇವರ ಬಗ್ಗೆ ಏನಂತಾರೋ, ಒಂದ್ಸಲ ಕೇಳ್ಬೇಕು ನಂಗೆ.” ತಾಯಿ ಗೋಡೆ ಹಿಡಿದು ಎದ್ದಳು. “ನಡಿ, ಮೇಲೆ ಹೋಗೋಣ.”

*

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಆರು ವರ್ಷ ಆ ಸದ್ದಿನ ಬೆನ್ನು ಹತ್ತಿದ್ದ. ಕೇಬಲ್ ಬದಲಿಸಿದ, ಆಂಟೆನಾ ಬಿಚ್ಚಿ ಕಟ್ಟಿದ, ಟವರಿನ ಒಂದೊಂದು ಬೋಲ್ಟನ್ನೂ ಮರದ ಕೋಲಿನಿಂದ ತಟ್ಟಿ ನೋಡಿದ. ಅವಳು ಕೆಳಗೆ ಅಡುಗೆಮನೆಯಲ್ಲಿ ರೇಡಿಯೊ ಮುಂದೆ ಕೂತು ಕಿಟಕಿಯಿಂದ ಕೂಗಬೇಕು.

“ಬಂತೇನೇ?”

“ಬಂತು!”

ದಣಿದು ತಾರಸಿಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ: “ಈಗ?”

“ಇಲ್ಲ!”

“ನಾನು ಕಾದು ಕೂತರೆ ಬರೋದೇ ಇಲ್ಲ ಕಣೇ, ಕಳ್ಳ ಸದ್ದು!”

“ಕಟ್ಕೊಂಡವಳಿಗಿಂತ ಆ ಸವತಿ ಮೇಲೇ ರೀ ನಿಮಗೆ ಜೀವ!”

ಆ ಕಬ್ಬಿಣದ ಕುರ್ಚಿಯನ್ನು ಆತ ಹೊತ್ತು ತಂದದ್ದು ಅವಳಿಗೆಂದೇ. ಗಾಳಿಗೆ ಬೀಳದಂತೆ ಟವರಿನ ಕಾಲಿಗೆ ಸರಪಳಿ ಹಾಕಿದ್ದ. “ಸಂಜೆ ಮೇಲೆ ಬಾರೇ, ನಮ್ಮವರ ಮಾತು ಕೇಳು.” ಅವಳಿಗೆ ಮಂಡಿನೋವು. “ನಾಳೆ ಬರ್ತೀನಿ” ಅನ್ನುತ್ತಲೇ ಆರು ವರ್ಷ ಕಳೆದಳು.

*

ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು. ವಾಚ್ ರಿಪೇರಿಯವನು ಕೇಬಲ್ ಒಂದೊಂದನ್ನೇ ಅಲುಗಿಸಿ ನೋಡಿದ. ಕೈಯಲ್ಲಿದ್ದ ರೇಡಿಯೊ ಕರಕರ ಅನ್ನುತ್ತಲೇ ಇತ್ತು. ಅವಳು ನಿಲ್ಲಲಾರದೆ ಕುರ್ಚಿಯಲ್ಲಿ ಕುಸಿದಳು. ಕುರ್ಚಿ ಮುಂದಕ್ಕೆ ಜರುಗಿತು, ಸರಪಳಿ ಬಿಗಿಯಾಯಿತು.

ಸದ್ದು ನಿಂತಿತು.

“ಅತ್ತಿಗೆ, ಒಂಚೂರು ಏಳಿ.”

ಎದ್ದಳು. ಸರಪಳಿ ಸಡಿಲಾಯಿತು. ಕರಕರ.

“ಕೂತ್ಕೊಳ್ಳಿ.”

ನಿಶ್ಶಬ್ದ.

ಅವನು ಬಗ್ಗಿ ಸರಪಳಿ ಮುಟ್ಟಿದ. ಬೆರಳಿಗೆ ತುಕ್ಕು ಮೆತ್ತಿಕೊಂಡಿತು. “ತುಕ್ಕು ಕೊಂಡಿಗಳು ಗಾಳಿಗೆ ಉಜ್ಜಿದಾಗೆಲ್ಲ ರೇಡಿಯೊದಲ್ಲಿ ಕರಕರ… ಅಯ್ಯೋ ಅಣ್ಣ! ಕಾದು ಕೂತಾಗೆಲ್ಲ ಇದರ ಮೇಲೇ ಕೂತಿದ್ರಲ್ಲ!” ಅವನು ಜೇಬಿನಿಂದ ಇಕ್ಕಳ ತೆಗೆದ. “ಎರಡೇ ನಿಮಿಷ, ಬಿಚ್ಚಿಬಿಡ್ತೀನಿ.”

“ಬೇಡ. ನಾಳೆ ಬಿಚ್ಚು. ಇವತ್ತು ನಾನು ಕೂತಿರ್ತೀನಿ.”

ನಾಲ್ಕಕ್ಕೆ ಮೊದಲ ದನಿ ಬಂತು. ಯಾರೋ ಹೆಂಗಸು. ಪಕ್ಕದಲ್ಲೇ ಕೂತು ಮಾತಾಡುವಷ್ಟು ಸ್ಪಷ್ಟ.

“ಅಣ್ಣ ದಿನಾ ಸಂಜೆ ಕೊನೇಲಿ ಒಂದೇ ಮಾತು ಹೇಳೋರು. ‘ನಾಳೆ ನಮ್ಮನೆಯವಳು ಮೇಲೆ ಬರ್ತಾಳೆ, ನಿಮಗೆಲ್ಲ ಪರಿಚಯ ಮಾಡಿಸ್ತೀನಿ’ ಅಂತ.”

ವಾಚ್ ರಿಪೇರಿಯವನು ಮುಖ ತಿರುಗಿಸಿದ. ಮಗಳು ಶಾಲು ತಂದು ಹೊದಿಸಿ, “ಕೆಳಗೆ ಹೋಗೋಣ ಬಾಮ್ಮಾ, ಕಾಲು ಬಾತಿದೆ” ಎಂದಳು. ತಾಯಿ ಬಾಯಿಗೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದಳು.

ಇನ್ನೊಂದು ದನಿ, ಮತ್ತೊಂದು ದನಿ. ಗಾಳಿ ಜೋರಾಯಿತು. ಅವಳು ಎರಡೂ ಪಾದಗಳನ್ನು ನೆಲಕ್ಕೆ ಊರಿ ಕೂತಿದ್ದಳು. ಬೆನ್ನ ಹಿಂದೆ ಸರಪಳಿ ಒಂದಿಷ್ಟೂ ಅಲುಗಲಿಲ್ಲ.