ಎಡಗಾಲಿನ ವ್ಯಾಪಾರ, ಮೇಲೆ ಕೊಸರು

“ಅದೆಲ್ಲಾ ಇರ್ಲಿ ಕೋದಂಡಪ್ಪ, ಅವನಿಗೆ ಹಲ್ಲೆಷ್ಟು?” ಅಂದರು ಮುನಿನಾರಾಯಣಮ್ಮ.

ಬಾಯಿಗೆ ಹೋಗುತ್ತಿದ್ದ ಹಾಲಿನ ಲೋಟವನ್ನು ಕೋದಂಡಪ್ಪ ಅರ್ಧದಲ್ಲೇ ನಿಲ್ಲಿಸಿದ. “ಹಲ್ಲು ತಕ್ಕೊಂಡು ಏನ್ ಮಾಡ್ತೀರಕ್ಕಾ? ಫುಟ್‌ಬಾಲ್ ಆಡೋದು ಕಾಲಲ್ಲಿ.”

“ಹಲ್ಲು ನೋಡ್ದೆ ನಾನು ಕರಾನೂ ಒಳಕ್ಕೆ ಬಿಟ್ಕೊಂಡೋಳಲ್ಲ. ಬಾಯಿ ಕೂಡೈತಾ? ವಯಸ್ಸಾಗೋಗೈತಾ?”

“ಇಪ್ಪತ್ನಾಲ್ಕು ವರ್ಷ ಅಕ್ಕಾ. ಹಲ್ಲೆಲ್ಲಾ ಗಟ್ಟಿ. ನಮ್ಮನೇಲಿ ಮೂಳೆ ಅಗಿಯೋದು ಕಣ್ಣಾರೆ ನೋಡಿವ್ನಿ.”

ಈ ಮಾತು ನಡೆದದ್ದು ಬಂಗಾರಪೇಟೆಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ, ಮುನಿನಾರಾಯಣಮ್ಮನವರ ಕೊಟ್ಟಿಗೆಯ ಮುಂದೆ. ಆಯಮ್ಮನಿಗೆ ಸೀಮೆಹಸು ಒಂದು ಡಜನ್, ಫುಟ್‌ಬಾಲ್ ಟೀಮು ಒಂದು. ಟೀಮು ಕಟ್ಟಿದ್ದು ಗಂಡ ರಾಮಚಂದ್ರಪ್ಪ. ಅವರು ಮಂಡಿನೋವು ಬಂದು ಜಗಲಿ ಹಿಡಿದ ಮೇಲೆ ಹಸುಗಳ ಜೊತೆಗೆ ಹನ್ನೊಂದು ಹುಡುಗರೂ ಹೆಂಡತಿಯ ಉಸ್ತುವಾರಿಗೆ ಬಂದರು. ಫುಟ್‌ಬಾಲಿನ ಗಂಧಗಾಳಿ ಆಯಮ್ಮನಿಗೆ ಇರಲಿಲ್ಲ. ದನದ ವ್ಯಾಪಾರ ಮಾತ್ರ ನೀರು ಕುಡಿದಷ್ಟು ಸಲೀಸು. ಹಾಗಾಗಿ ಎರಡನ್ನೂ ಒಂದೇ ಕೈಯಲ್ಲಿ, ಒಂದೇ ರೀತಿಯಲ್ಲಿ ನಡೆಸುತ್ತಿದ್ದರು. ಹುಡುಗರಿಗೆ ನೆನೆಸಿದ ಹುರುಳಿ ತಿನ್ನಿಸಿದ್ದೇನೋ ಒಳ್ಳೆಯದೇ ಆಯಿತು. ಆದರೆ ನೆತ್ತಿಯ ಸುಳಿ ಸರಿಯಿಲ್ಲ ಅಂತ ಒಬ್ಬನನ್ನು ಓಡಿಸಿದ್ದರಲ್ಲ, ಅವನು ಪಕ್ಕದೂರಿನ ಟೀಮು ಸೇರಿ ವರ್ಷಾವರ್ಷ ಬಂದು ಇವರಿಗೇ ಗೋಲು ಹೊಡೆದು ಹೋಗುತ್ತಿದ್ದ.

ಕೋದಂಡಪ್ಪ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನವನು. ವಾರವೆಲ್ಲ ಪಂಕ್ಚರ್ ಅಂಗಡಿ, ಭಾನುವಾರ ಬಂದರೆ ಲೈನ್ ಬಾಯ್ಸ್ ಟೀಮಿನ ಮ್ಯಾನೇಜರು. ಆವತ್ತು ರೈಲು ಹತ್ತಿ ಬಂಗಾರಪೇಟೆಯವರೆಗೂ ಬಂದು ಅವನು ಸಾಗಹಾಕಲು ನೋಡುತ್ತಿದ್ದದ್ದು ಯಾರನ್ನೋ ಅಲ್ಲ, ಸ್ವಂತ ಹೆಂಡತಿ ಸೆಲ್ವಿಯ ತಮ್ಮ ಸೆಲ್ವರಾಜನನ್ನು.

ಸೆಲ್ವರಾಜನ ಎಡಗಾಲಿಗೆ ಚೆಂಡು ಸಿಕ್ಕಿದರೆ ನೋಡಬೇಕು. ಎದುರಿನವರು ಎಡಕ್ಕೆ ಬಿದ್ದರೆ ಇವನು ಬಲಕ್ಕೆ, ಅವರು ಬಲಕ್ಕೆ ಬಿದ್ದರೆ ಇವನು ಎಡಕ್ಕೆ, ಸಂತೆಯಲ್ಲಿ ಬುಟ್ಟಿಯಿಂದ ತಪ್ಪಿಸಿಕೊಂಡ ಕೋಳಿಯ ಹಾಗೆ. ಗಣಿಯಲ್ಲಿ ಸೊಂಟ ಮುರಿದುಕೊಂಡ ಮುದುಕರು ಕೂಡ ಕಟ್ಟೆಯ ಮೇಲೆ ಎದ್ದು ನಿಂತು “ವಿಡಾದೇ ಕಣ್ಣಾ, ವಿಡಾದೇ! ಬಿಡಬ್ಯಾಡ!” ಅಂತ ಕೂಗೋರು. ತೊಂದರೆ ಏನಪ್ಪಾ ಅಂದರೆ, ಆ ಎಡಗಾಲು ಮೈದಾನದಲ್ಲಿದ್ದದ್ದಕ್ಕಿಂತ ದಿಂಬಿನ ಮೇಲಿದ್ದದ್ದೇ ಹೆಚ್ಚು. ಗೋಲು ಹೊಡೆದ ಖುಷಿಗೆ ಕುಣಿಯಲು ಹೋಗಿ ಸೊಂಟ ಉಳುಕಿತು. ಬೂಟಿನ ಲೇಸು ಬಿಗಿಯುವಾಗ ಹೆಬ್ಬೆರಳು ಹೊರಳಿತು. ಮದುವೆ ಊಟದಲ್ಲಿ ಎರಡನೇ ಸಲದ ಪಾಯಸಕ್ಕೆ ಬಾಗಿದಾಗ ತೊಡೆ ಹಿಡಿದುಕೊಂಡಿತು. ಏಟಾದಾಗಲೆಲ್ಲ ನೆಟ್ಟಗೆ ಅಕ್ಕನ ಮನೆಗೆ ಬಂದು ಭಾವನ ಮಂಚದ ಮೇಲೆ ಮಲಗುವನು. ಭಾವ ನೆಲಕ್ಕೆ. ಸೆಲ್ವಿ ಮೇಕೆ ಕಾಲಿನ ಸೂಪು ಕಾಯಿಸುವಳು. ಸೂಪು ತಮ್ಮನಿಗೆ, ಘಮ ಗಂಡನಿಗೆ.

“ಅವನು ಆಡದಿದ್ರೆ ನಷ್ಟ ಇಲ್ಲ ಕಣ್ಲಾ,” ಎಂದು ಕೋದಂಡಪ್ಪ ಒಂದು ದಿನ ಟ್ಯೂಬನ್ನು ನೀರಿಗೆ ಅದ್ದುತ್ತಾ ಟೀಮಿನ ಕ್ಯಾಪ್ಟನ್ ಮುನೀಂದ್ರನಿಗೆ ಹೇಳಿದ್ದ. “ಬತ್ತಾನೆ ಬತ್ತಾನೆ ಅಂತ ಕಾಯ್ತೀವಲ್ಲ, ಅದೇ ನಷ್ಟ. ಬರೋ ನೆಂಟನಿಗೆ ಅಂತ ಸಾರನ್ನ ಒಲೆ ಮ್ಯಾಲೇ ಇಟ್ಕೊಂಡು ಕೂತ್ರೆ ಏನಾಗ್ತದೆ? ನೆಂಟನೂ ಬರಲ್ಲ, ಮನೆಯೋರೂ ಉಣ್ಣಲ್ಲ, ತಳ ಹತ್ತೋಗ್ತದೆ. ನೀವು ಹತ್ತು ಜನ ಚೆಂಡು ನೋಡ್ತೀರೋ, ಕಟ್ಟೆ ಮ್ಯಾಲೆ ಕುಂಟ್ಕೊಂಡು ಕೂತಿರೋ ಅವನನ್ನ ನೋಡ್ತೀರೋ?”

“ಹಂಗಾದ್ರೆ ತೆಗೆದಾಕಣ್ಣಾ.”

“ತೆಗೆದಾಕು ಅಂತಾನೆ! ನಿಮ್ಮತ್ತಿಗೆಗೆ ನೀನ್ ಹೇಳ್ತೀಯಾ?”

ಮುನೀಂದ್ರ ಪಂಪು ಒತ್ತತೊಡಗಿದ. ಹಿಂದೊಮ್ಮೆ ಒಂದೇ ಒಂದು ಮ್ಯಾಚಿಗೆ ಸೆಲ್ವರಾಜನನ್ನು ಕೂರಿಸಿದ್ದಕ್ಕೆ ಸೆಲ್ವಿ ಗಣಿ ಕೂಲಿಗಳ ಲೈನು ಮನೆಗಳಿಗೆಲ್ಲ ಕೇಳುವ ಹಾಗೆ ಹೇಳಿದ್ದಳು: “ಎನ್ ತಂಬಿ ಟೀಮಲ್ಲಿಲ್ಲ ಅಂದ್ರೆ ನೀವು ಈ ಮನೇಲಿಲ್ಲ, ಅಷ್ಟೆ!” ಆಮೇಲೆ ಎರಡು ಹೊತ್ತು ಕೋದಂಡಪ್ಪ ಅಂಗಡಿಯಲ್ಲೇ ಬನ್ನು ತಿಂದುಕೊಂಡಿದ್ದ. ಆದ್ದರಿಂದ ಈ ವ್ಯಾಪಾರ, ಬಂಗಾರಪೇಟೆಯವರೇ ಕೈಕಾಲು ಹಿಡಿದು ಕೇಳಿಕೊಂಡ ಹಾಗೆ ಕಾಣಬೇಕಿತ್ತು. ಇವನೇ ಹೋಗಿ ತಳ್ಳಿಬಂದ ಅಂತ ಸೆಲ್ವಿಗೆ ಗೊತ್ತಾದರೆ ಮನೆ, ಮಂಚ, ಮುದ್ದೆ, ಎಲ್ಲಕ್ಕೂ ಎಳ್ಳುನೀರು.

“ಐಬೇನಾದ್ರೂ ಐತಾ?” ಮುನಿನಾರಾಯಣಮ್ಮ ಕೇಳುತ್ತಿದ್ದರು.

“ಐಬಾ? ಸೆಲ್ವನಿಗಾ? ಹೋದ ವರ್ಷ ನಿಮ್ಮೋರು ಐದು ಜನನ್ನ ದಾಟಿ ಗೋಲು ಹೊಡೆದಿದ್ದು ಮರ್ತೋಯ್ತಾ ಅಕ್ಕಾ?”

“ಮರೀಲಿಲ್ಲ, ಅದಕ್ಕೇ ಕೇಳಿದ್ದು. ಅಂಥ ಮಾಲನ್ನ ಕೈಯಾರೆ ಯಾಕೆ ಬಿಡ್ತೀಯಾ?”

ಕೋದಂಡಪ್ಪ ಲೋಟದೊಳಗೆ ನೋಡಿದ. “ನೀವ್ಯಾಕೆ ಅವನ ಬದಲಿಗೆ ನಿಮ್ಮ ಸುಧಾಕರನ್ನ ಬಿಡ್ತಿದ್ದೀರಿ ಮತ್ತೆ?”

ಈಗ ಆಯಮ್ಮ ಸೆರಗು ಸರಿಮಾಡಿಕೊಂಡರು. “ಸುಧಾಕರಾ? ಅಪರಂಜಿಯಂಥ ಗೋಲ್‌ಕೀಪರು. ಒಂದು ದಿನ ಕೆಮ್ಮಿದೋನಲ್ಲ, ಸೀನಿದೋನಲ್ಲ. ನಮ್ಮಲ್ಲಿ ಜಾಗ ಸಾಲ್ದು, ಅಷ್ಟೆ.”

ಅವರ ಹಿಂದೆ ಕೊಟ್ಟಿಗೆಯಲ್ಲಿ ಇನ್ನೂ ನಾಲ್ಕು ಹಸು ಕಟ್ಟುವಷ್ಟು ಜಾಗ ಬಾಯಿ ಬಿಟ್ಟುಕೊಂಡಿತ್ತು. ಕೋದಂಡಪ್ಪ ಅದನ್ನು ನೋಡಲಿಲ್ಲ ಅನ್ನೋ ಹಾಗೆ ಹಾಲು ಕುಡಿದ.

ಮುನಿನಾರಾಯಣಮ್ಮ ಹೆಗಲ ಮೇಲಿದ್ದ ಟವಲ್ಲನ್ನು ಅವನ ಕೈ ಮೇಲೆ ಹಾಸಿ, ಅದರ ಕೆಳಗೆ ಅವನ ಎರಡು ಬೆರಳನ್ನು ಬಿಗಿಯಾಗಿ ಹಿಡಿದರು, ದನದ ಸಂತೆಯಲ್ಲಿ ದಲ್ಲಾಳಿಗಳು ಗುಟ್ಟಾಗಿ ರೇಟು ಮಾತಾಡುತ್ತಾರಲ್ಲ, ಹಾಗೆ.

“ಒಬ್ಬನಿಗೆ ಒಬ್ಬ ಅಂತ ಮಾತಾಯ್ತಲ್ಲಕ್ಕಾ, ಈ ಎರಡು ಬೆರಳು ಯಾವ ರೇಟು?”

“ರೇಟು ಗೀಟು ಏನಿಲ್ಲ. ಟವಲ್ಲಿಲ್ದೆ ವ್ಯಾಪಾರ ಮುಗಿಸಿದ್ರೆ ನಂಗೆ ರಾತ್ರಿ ನಿದ್ದೆ ಬರಲ್ಲ.” ಬೆರಳು ಬಿಟ್ಟರು. “ಒಂದು ಮಾತು ನೆನಪಿಟ್ಕೋ. ನಮ್ಮ ಕಡೆ ಎಂಟು ದಿನ ನೋಡೋದು. ಹಾಲು ಕರೆಯೋಕೆ ನಿಲ್ಲದಿದ್ರೆ ಹಗ್ಗದ ಸಮೇತ ವಾಪಸ್ಸು.”

ಎಂಟು ದಿನ ಏನು ಮಹಾ, ಒಂದು ವಾರ ಅವನು ಸೀನದೆ ಇದ್ದರೆ ಸಾಕು ಅಂದುಕೊಂಡು ಕೋದಂಡಪ್ಪ ರೈಲು ಹತ್ತಿದ.

ಮನೆಯಲ್ಲಿ ಎಲ್ಲಾ ಅಂದುಕೊಂಡಂತೆಯೇ ನಡೆಯಿತು. “ಬಂಗಾರಪೇಟೆಯೋರು ಕಾಲಿಗೆ ಬಿದ್ದುಬಿಟ್ರು ಸೆಲ್ವಿ. ನಾನು ಆಗಲ್ಲ ಅಂದೆ. ಅತ್ತುಬಿಟ್ರು,” ಅಂದ. ಸೆಲ್ವಿ ಹಿಗ್ಗಿ ಹೀರೇಕಾಯಾದಳು. ನಲ್ಲಿಯ ಹತ್ತಿರ ಕೊಡ ತುಂಬಿ ಹರಿದರೂ ಗಮನವಿಲ್ಲದೆ “ನಮ್ಮ ತಂಬಿಗೆ ಬೇರೆ ಊರಿಂದ ಕರೆ ಬಂದೈತೆ” ಅಂತ ಪಕ್ಕದ ಮನೆಯ ಪುಷ್ಪಳಿಗೆ ಒಂದು ಸಲ, ಪುಷ್ಪಳ ಅತ್ತೆಗೆ ಒಂದು ಸಲ ಹೇಳಿದಳು. ಸೆಲ್ವರಾಜ್ ಬ್ಯಾಗು ಹೆಗಲಿಗೇರಿಸಿ ಹೊರಟ. ಕೋದಂಡಪ್ಪ ಮಂಚದ ಮೇಲೆ ಕಾಲು ಚಾಚಿದ.

ಸಂಜೆ ಬದಲಿ ಮಾಲು ಬಂದು ಇಳಿಯಿತು. ಸುಧಾಕರ್ ಬಾಗಿಲಿಗೆ ತಲೆ ತಗುಲುವ ಆಳು. ಮೈಯಲ್ಲಿ ಒಂದು ಗೀರಿಲ್ಲ. ಮುಖ ಮಾತ್ರ ಹರಳೆಣ್ಣೆ ಕುಡಿದವನದು. ಇರಲು ಬೇರೆ ಕಡೆ ಇಲ್ಲದ್ದರಿಂದ ಮ್ಯಾನೇಜರ್ ಮನೆಯೇ ಗತಿ. ಒಳಗೆ ಬಂದವನೇ ಚಾಪೆ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕುಳಿತ. ಪ್ರಾಕ್ಟೀಸಿಗೆ ಕರೆದರೆ ಬಂದ, ಗೋಲಿನಲ್ಲಿ ನಿಂತ, ಚೆಂಡನ್ನೂ ಹಿಡಿದ. ಆದರೆ ಹಿಡಿದ ಚೆಂಡನ್ನು ಯಾರಿಗೂ ಎಸೆಯದೆ ತೊಡೆಯ ಮೇಲಿಟ್ಟುಕೊಂಡು ನಿಟ್ಟುಸಿರು ಬಿಟ್ಟ. ಅವನನ್ನು ನೋಡಿ ಇಬ್ಬರು ಡಿಫೆಂಡರುಗಳೂ ಕೂತರು. ಅರ್ಧ ಗಂಟೆಯಲ್ಲಿ ಇಡೀ ಟೀಮು ಸಾವಿನ ಮನೆಗೆ ಬಂದವರ ಹಾಗೆ ಕೂತಿತ್ತು.

“ಏನಪ್ಪಾ ನಿನ್ ಸಂಕಟ?” ಎಂದು ಕಡೆಗೆ ಸೆಲ್ವಿಯೇ ಕೇಳಿದಳು.

ಸುಧಾಕರ್ ಗೋಡೆಗೇ ಹೇಳಿದ: “ಗೋಲು ಆದಾಗ ಎಲ್ಲಾರೂ ಆ ತುದೀಲಿ ತಬ್ಕೋತಾರಕ್ಕಾ. ನಾನು ಈ ತುದಿಯಿಂದ ಓಡಿ ಹೋಗೋಷ್ಟ್ರಲ್ಲಿ ತಬ್ಬೋದು ಮುಗಿದಿರ್ತದೆ.”

ಸೆಲ್ವಿಯ ಕರುಳು ಚುರ್ ಎಂದಿತು. “ಅಷ್ಟೇನಾ ಕಣ್ಣಾ? ಯೋಚನೆ ಬಿಡು. ನಮ್ಮ ತಂಬಿ ಹೋದ್ಮೇಲೆ ಈ ಟೀಮಲ್ಲಿ ಗೋಲೇ ಆಗಲ್ಲ. ತಬ್ಬೋ ಮಾತೇ ಇಲ್ಲ.”

ಸುಧಾಕರ್ ಆವತ್ತು ಎರಡು ಮುದ್ದೆ ಉಂಡ. ಆದರೂ ಗೋಡೆ ಬಿಟ್ಟು ತಿರುಗಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಕೋದಂಡಪ್ಪ ಮಂಚದ ಮೇಲೆ ಕೂತು ಇಡ್ಲಿ ಮುರಿಯುತ್ತಿದ್ದಾಗ ಬೀದಿಯ ತುದಿಯಿಂದ ಆ ದನಿ ಕೇಳಿತು. “ಪಂಕ್ಚರ್ ಕೋದಂಡಪ್ಪನ ಮನೆ ಯಾವ್ದಮ್ಮಾ? ಮಾಲು ವಾಪಸ್ ಕೊಡಬೇಕಿತ್ತು!”

ಇಡ್ಲಿಯನ್ನು ತಟ್ಟೆಗೇ ಹಾಕಿ ಎದ್ದ. ಅವನು ಬಾಗಿಲಿಗೆ ಓಡುವಷ್ಟರಲ್ಲಿ ಮುನಿನಾರಾಯಣಮ್ಮ ಹೊಸಿಲ ಮೇಲಿದ್ದರು. ಪಕ್ಕದಲ್ಲಿ ಸೆಲ್ವರಾಜ್. ಅವನ ಮೈ ಮನೆಯ ಕಡೆಗಿತ್ತು, ಮುಖ ಪಕ್ಕದ ಮಾರಿಕುಪ್ಪಂ ಕಡೆಗೆ ತಿರುಗಿತ್ತು.

“ಅಕ್ಕಾ, ಅಂಗಡಿ ಹತ್ರ ಓಗಿ ಮಾತಾಡಾಣ ಬನ್ನಿ,” ಅಂತ ಕೋದಂಡಪ್ಪ ಪಿಸುಗುಟ್ಟಿದ.

“ಅಂಗಡಿಗ್ಯಾಕೆ? ನೋಡಪ್ಪಾ ಇದನ್ನ! ಓಡ್ಲಿಲ್ಲ, ಒದೀಲಿಲ್ಲ, ಒಬ್ಬರು ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಆಕಳಿಸಿದ. ಕತ್ತು ಹಿಡ್ಕೊಂತು! ಐಬಿಲ್ಲ ಐಬಿಲ್ಲ ಅಂತ ನಮ್ಮನೆ ಬಾಗಿಲಿಗೆ ಬಂದು ತಲೆಗೆ ಕಟ್ಟಿದ್ಯಲ್ಲ!”

ಒಳಗಿಂದ ಸೌಟಿನ ಸಮೇತ ಸೆಲ್ವಿ ಬಂದಳು. ತಮ್ಮನನ್ನು ನೋಡಿದಳು. ಗಂಡನನ್ನು ನೋಡಿದಳು. “ಎನ್ನಂಗ, ಏನ್ರೀ ಇದು? ಯಾರು ಯಾರ ಬಾಗಿಲಿಗೆ ಓಗಿದ್ದು? ಅತ್ಕೊಂಡು ಕಾಲಿಗೆ ಬಿದ್ದೋರು ಇವರೇನಾ?”

“ನಾನಾ? ಅತ್ತಿದ್ದಾ?” ಅಂದರು ಮುನಿನಾರಾಯಣಮ್ಮ. “ಇವನೇ ಬಂದು ಎರಡು ಲೋಟ ಹಾಲು ಕುಡಿದು, ನಿನ್ನ ತಮ್ಮನ್ನ ಕೊಟ್ಟು ನಮ್ಮ ಸುಧಾಕರನ್ನ ತಂದಿದ್ದು.”

ಲೈನಿನ ಬಾಗಿಲುಗಳಲ್ಲಿ ಒಂದೊಂದೇ ತಲೆ ಮೂಡಿತು. ಬೈಗುಳ ಈಗ ಬರುತ್ತದೆ, ಇಗೋ ಬಂತು ಅಂತ ಕೋದಂಡಪ್ಪ ಹೆಗಲು ಕುಗ್ಗಿಸಿದ.

“ಒಬ್ಬನಿಗೆ ಒಬ್ಬನಾ?” ಅಂದಳು ಸೆಲ್ವಿ.

“ಹಾಂ?”

“ಎನ್ ತಂಬಿಗೆ ಬದಲು ಈ ಅಳುಮುಂಜಿ ಒಬ್ಬನೇನಾ? ಮ್ಯಾಲೆ ಏನೂ ಇಲ್ವಾ? ಒಂದು ಕರ? ಒಂದು ಕ್ಯಾನ್ ಹಾಲು? ಥೂ! ಹಳೇ ಸೈಕಲ್ ಕೊಟ್ಟು ಬಂದಂಗೆ ಕೊಟ್ಟು ಬಂದಿದ್ದೀರಲ್ರೀ!”

“ಹೇಳು ಅಕ್ಕಾ,” ಅಂದ ಸೆಲ್ವರಾಜ್, ಪಕ್ಕದ ಮನೆಯ ಪುಷ್ಪಳನ್ನು ನೋಡುತ್ತಾ.

“ನೀ ಸುಮ್ನಿರು ಡಾ.” ಸೆಲ್ವಿ ಸೌಟನ್ನು ಮುನಿನಾರಾಯಣಮ್ಮನ ಕಡೆ ತಿರುಗಿಸಿದಳು. “ಅಕ್ಕಾ, ವಾಪಸ್ ಗೀಪಸ್ ಇಲ್ಲ. ನೀವು ಕೊಟ್ಟಿರೋದಕ್ಕೇನು ಐಬಿಲ್ವಾ? ಬಂದು ನೋಡಿ, ಬಂದಾಗಿಂದ ಗೋಡೆ ನೋಡ್ಕೊಂಡು ಕೂತವ್ನೆ. ಸುಣ್ಣ ಎಲ್ಲಾ ಅವನ ಉಸಿರಿಗೆ ಉದುರೋಯ್ತು.”

ಮುನಿನಾರಾಯಣಮ್ಮ ಒಳಗೆ ಇಣುಕಿ ನೋಡಿ ಗಂಟಲು ಸರಿಮಾಡಿಕೊಂಡರು. “ಸ್ವಲ್ಪ ಮುನಿಸು ಸ್ವಭಾವ. ನಮ್ಮ ಗೌರಿ ಹಸೂನೂ ಹಂಗೇನೇ, ಮನಸ್ಸು ಕೆಟ್ರೆ ಹಾಲು ಮ್ಯಾಲಕ್ಕೆ ಎಳ್ಕೊಂಡುಬಿಡ್ತದೆ. ಆದ್ರೂ ನಿನ್ನ ತಮ್ಮನಮ್ಮಾ ಇವನು, ಬ್ಯಾಡ್ವಾ ನಿಂಗೆ?”

“ತಮ್ಮ ಅಕ್ಕನ ಮನೆಗೆ ಬರಬೇಕಾದ್ದು ಹಬ್ಬಕ್ಕೆ. ತಿಂಗಳು ತಿಂಗಳು ಬ್ಯಾಂಡೇಜ್ ಕಟ್ಕೊಂಡಲ್ಲ. ಎಷ್ಟು ಮೇಕೆ ಕಾಲು ಸುಟ್ಟಿವ್ನಿ ಅಂತ ನಿಮಗೆ ಗೊತ್ತಾ? ಈ ಕೈ ನೋಡಿ!”

ಕೋದಂಡಪ್ಪ ಬಾಯಿ ಬಿಟ್ಟ. ಇಷ್ಟು ವರ್ಷ ಇದನ್ನು ಬಾಯಿ ಬಿಟ್ಟು ಹೇಳಬಾರದಿತ್ತಾ ಈ ಹೆಂಗಸು? “ಸೆಲ್ವಿ, ಹಂಗಾದ್ರೆ ನಾನು ಮಾಡಿದ್ದು ಸರಿ…”

“ನೀವು ಬಾಯಿ ಮುಚ್ರೀ. ಸುಳ್ಳು ಹೇಳಿದ್ದು ಬ್ಯಾರೆ ಬಾಬ್ತು, ಅದು ಆಮೇಲೆ.”

ಆಮೇಲೆ ಇಬ್ಬರು ಹೆಂಗಸರೂ ಹೊಸಿಲ ಮೇಲೆ ಕೂತರು. ಕಾಫಿ ಬಂತು. ಟವಲ್ಲೂ ಬಂತು. ಅದರ ಕೆಳಗೆ ಬೆರಳುಗಳು ಮುಂಗುಸಿ ಹಾವಿನ ಹಾಗೆ ಸೆಣಸಿದವು. ಕಡೆಗೆ ಭಾನುವಾರ ಭಾನುವಾರ ಒಂದು ಕ್ಯಾನ್ ಹಾಲು ಟೀಮಿಗೆ ಅಂತ ಆಯಿತು.

“ಹಾಲು ಕೊಡ್ತೀನಿ, ಇವನ್ನೂ ಇಟ್ಕೋತೀನಿ,” ಅಂದರು ಮುನಿನಾರಾಯಣಮ್ಮ. “ಆದ್ರೆ ಕತ್ತು ತಿರುಗಿರೋ ಮಾಲು. ದಿನಾ ಉಜ್ಜಬೇಕು, ತಿನ್ನಿಸಬೇಕು, ಆಕಳಿಸಿದ್ರೆ ದವಡೆ ಹಿಡ್ಕೋಬೇಕು. ನಂಗೆ ಹನ್ನೆರಡು ಹಸು ಐತೆ ತಾಯೀ. ಕೊಸರೇನ್ ಕೊಡ್ತೀಯಾ?”

ಸೆಲ್ವಿ ಮನೆಯೊಳಗೆ ಒಂದು ಸುತ್ತು ಕಣ್ಣು ಹಾಯಿಸಿದಳು. ಮಂಚ, ಸೂಪಿನ ಪಾತ್ರೆ, ಸುಧಾಕರ್. ಕೊನೆಗೆ ಅವಳ ಕಣ್ಣು ಗಂಡನ ಮೇಲೆ ಬಂದು ನಿಂತಿತು.

“ಇವರನ್ನ ಕರ್ಕೊಂಡೋಗಿ.”

“ಸೆಲ್ವಿ! ನಾನು ಮ್ಯಾನೇಜರು! ಟೀಮ್ ನೋಡ್ಕೊಳ್ಳೋರು ಯಾರು?”

“ಮುನೀಂದ್ರ ನೋಡ್ಕೋತಾನೆ. ಅಂಗಡಿಗೆ ಈ ಸುಧಾಕರ್ ಹೋಗಲಿ, ಗಾಳಿ ಹೊಡೆದ್ರೆ ಮನಸ್ಸು ಹಗುರಾಗ್ತದೆ. ನೀವು ತಂಬಿ ಕತ್ತು ಸರಿ ಹೋಗೋ ತನಕ ಅಲ್ಲಿರಿ.”

ಅಂಗಡಿ ಅಂದದ್ದು ಕೇಳಿ ಸುಧಾಕರ್ ಮೊದಲ ಸಲ ಗೋಡೆಯಿಂದ ಅರ್ಧ ತಿರುಗಿದ. ಆ ದಿಕ್ಕಿನಲ್ಲಿ ಅವನ ಕಡೆಗೇ ನೋಡುತ್ತಿದ್ದವನು ಈಗ ಹೊಸಿಲಲ್ಲಿ ಅಡ್ಡ ಕೂತಿದ್ದ ಸೆಲ್ವರಾಜ್ ಒಬ್ಬನೇ. ಕತ್ತು ಹಿಡಿದ ಅವನಿಗೆ ಬೇರೆ ಕಡೆ ನೋಡಲು ಆಗುತ್ತಿರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಲು ಹೋದರು. ಸೆಲ್ವರಾಜ್ “ಅಮ್ಮಾ!” ಅಂದ.

ಮುನಿನಾರಾಯಣಮ್ಮ ಕೋದಂಡಪ್ಪನನ್ನು ಅಡಿಯಿಂದ ಮುಡಿಯವರೆಗೂ ನೋಡಿ, ಇರಲಿ, ಸಗಣಿ ಬಾಚೋಕಾದರೂ ಆದೀತು ಅನ್ನುವ ಹಾಗೆ ಎದ್ದರು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಾಮೈದನ ಬ್ಯಾಗು ಹೊತ್ತಿದ್ದ ಕೋದಂಡಪ್ಪ ಹಿಂದಿನಿಂದ ಮೆಲ್ಲಗೆ ಕೇಳಿದ: “ಅಕ್ಕಾ, ಎಂಟು ದಿನದೊಳಗೆ ನನ್ನೂ ವಾಪಸ್ ಮಾಡಬೌದಾ?”

“ಕೊಸರಿಗೆ ವಾಪಸ್ ಇಲ್ಲಪ್ಪಾ,” ಅಂದರು ಮುನಿನಾರಾಯಣಮ್ಮ, ತಿರುಗಿ ಕೂಡ ನೋಡದೆ.

ರೈಲು ಬಂತು. ಮೂವರೂ ಹತ್ತಿ ಕೂತರು. ಇನ್ನೇನು ಹೊರಡಬೇಕು ಅನ್ನುವಾಗ ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಸೆಲ್ವಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬರುವುದು ಕಾಣಿಸಿತು. ಕೋದಂಡಪ್ಪನ ಎದೆ ಉಬ್ಬಿತು. ಬ್ಯಾಗನ್ನು ಸೆಲ್ವರಾಜನ ತೊಡೆ ಮೇಲೆ ಎತ್ತಿ ಹಾಕಿ, ಇಳಿಯಲು ಬಾಗಿಲಿಗೆ ಬಂದು ನಿಂತು ಕೈ ಚಾಚಿದ. ಸೆಲ್ವಿ ಏದುಸಿರು ಬಿಡುತ್ತಾ ಬಂದವಳೇ, ಆ ಚಾಚಿದ ಕೈಯಲ್ಲಿ ಅವನದೇ ಬನಿಯನ್ನಿನಲ್ಲಿ ಸುತ್ತಿದ ನೋವಿನೆಣ್ಣೆ ಬಾಟಲಿಯನ್ನಿಟ್ಟು, ಮುಚ್ಚಳ ಬಿಗಿಯಾಗಿದೆಯಾ ಅಂತ ಒಮ್ಮೆ ತಿರುಗಿಸಿ ನೋಡಿ, ಮನೆ ಕಡೆ ಹೊರಟಳು.